ಬೆಳಕು ನೋಡಿದ ಬೇರು

ನಮ್ಮತ್ತೆ ಮುನಿಗಂಗಮ್ಮನಿಗೆ ಮಣ್ಣು ಬೇಡದ ಗಿಡವೆಂದರೆ ಕೆಲಸ ಮಾಡದೆ ಮೂರು ಹೊತ್ತು ಉಣ್ಣುವ ನೆಂಟನಿದ್ದ ಹಾಗೆ. ಮುಖದ ಮೇಲೆ ಏನೂ ಅನ್ನುವುದಿಲ್ಲ, ಬೆನ್ನ ಹಿಂದೆ ಸುಮ್ಮನೆ ಬಿಡುವುದೂ ಇಲ್ಲ. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ನಾನು ಮೂರು ಆರ್ಕಿಡ್ ಕುಂಡಗಳನ್ನು ಮನೆಗೆ ತಂದಾಗ ಅವಳು ಒಂದರೊಳಗೆ ಬೆರಳಿಟ್ಟು ಕೆದಕಿ, ಬರೀ ಮರದ ಚಕ್ಕೆ ಕಂಡು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಈ ಗಿಡ ಏನು ತಿಂದು ಬದುಕುತ್ತದೆ ಎಂದು ಕೇಳಿದಳು. ಗಾಳಿಯಲ್ಲಿರುವ ತೇವ ಕುಡಿದು ಬದುಕುತ್ತದೆ ಎಂದೆ. ಹಾಗಾದರೆ ನಿನ್ನ ಗಂಡನನ್ನೂ ಒಂದು ಕುಂಡದಲ್ಲಿ ಕೂರಿಸು, ದಿನಾ ಸಂಜೆ ಮುದ್ದೆ ಕಟ್ಟುವುದಾದರೂ ತಪ್ಪುತ್ತದೆ ಎಂದಳು.

ಆ ಗಿಡಗಳು ಬಂದದ್ದು ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಹತ್ತಿರವಿರುವ ಒಂದು ದೊಡ್ಡ ಹೋಟೆಲಿನಿಂದ. ನಾನು ಅಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಹೂವಿರುವ ತನಕ ಆರ್ಕಿಡ್‌ಗಳಿಗೆ ಲಾಬಿಯಲ್ಲಿ ರಾಜಮರ್ಯಾದೆ. ಹೂವುದುರಿದ ಮಾರನೆಯ ದಿನ ಅಡುಗೆಮನೆಯ ಕಸದ ಜೊತೆ ಹಿಂದಿನ ಬಾಗಿಲಿನಿಂದ ಹೊರಗೆ. ಎಲೆ ಹಸಿರಾಗಿರುವ ಗಿಡವನ್ನು ಹೂವಿಲ್ಲ ಅನ್ನುವ ಒಂದೇ ಕಾರಣಕ್ಕೆ ಎಸೆಯುವುದು ನೋಡಿ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಮೂರನ್ನು ಎತ್ತಿಕೊಂಡು ಹೋಟೆಲಿನ ಕ್ಯಾಬ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅತ್ತೆ ಅವಕ್ಕೆ ಅವತ್ತೇ ಓಟ್ಲು ಗಿಡ ಎಂದು ಹೆಸರಿಟ್ಟಳು.

ಅವಳು ನನಗೆ ಬರೀ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಮದುವೆಗೆ ಮುಂಚೆಯೂ ಅತ್ತೆ, ಮದುವೆಯಾದ ಮೇಲೂ ಅತ್ತೆ. ಮದುವೆಯಾದ ಹೊಸತರಲ್ಲಿ ನಮ್ಮಮ್ಮನ ಒತ್ತಾಯಕ್ಕೆ ನೀವು, ತಾವು ಎಂದು ಶುರು ಮಾಡಿದ್ದೆ. ಸಂಜೆಯ ಹೊತ್ತಿಗೆ ಅತ್ತೆ ನನ್ನ ಹಣೆ ಮುಟ್ಟಿ ನೋಡಿ, ಜ್ವರವೇನಾದರೂ ಇದೆಯಾ ಎಂದು ಕೇಳಿದಳು. ಅಲ್ಲಿಂದ ಮತ್ತೆ ನೀನು ಎಂದೇ ಕರೆಯುತ್ತಿದ್ದೇನೆ.

ಅವಳ ಮಾತಿಗೆ ಅಷ್ಟು ಗತ್ತು ಇರುವುದಕ್ಕೆ ಕಾರಣವಿದೆ. ಮಧುರೆ ಹೋಬಳಿಯ ನಮ್ಮ ಊರಿನಲ್ಲಿ ಮುನಿಗಂಗಮ್ಮನ ಕೈಗುಣ ಗೊತ್ತಿಲ್ಲದವರಿಲ್ಲ. ಯಾರ ಹೊಲದಲ್ಲಿ ಟೊಮೆಟೊ ನಾಟಿಯಾದರೂ, ಸೇವಂತಿಗೆ ಸಸಿ ಇಡುವುದಾದರೂ, ದ್ರಾಕ್ಷಿ ಕಡ್ಡಿ ಊರುವುದಾದರೂ ಮೊದಲನೆಯದನ್ನು ಅವಳೇ ಇಡಬೇಕಿತ್ತು. ಅದಕ್ಕೆ ಕರೆಯುವ ಕ್ರಮವೂ ಇತ್ತು. ಆ ಮನೆಯ ಹೆಂಗಸು ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಬಂದು, ಹೊಸಿಲ ಆಚೆ ನಿಂತೇ ಕರೆಯಬೇಕು. ಒಳಗೆ ಬಂದು ಕರೆದರೆ ಲೆಕ್ಕಕ್ಕಿಲ್ಲ. ಅತ್ತೆ ಕರೆದ ತಕ್ಷಣ ಬರುವವಳೂ ಅಲ್ಲ. ಒಳಗೇನೋ ಮುಗಿಯದ ಕೆಲಸವಿರುವಂತೆ ಪಾತ್ರೆ ಸದ್ದು ಮಾಡುವಳು. ಆಮೇಲೆ ಕಾಲು ತೊಳೆದುಕೊಂಡು, ಸೆರಗು ಸರಿ ಮಾಡಿಕೊಂಡು ಬಂದು, ತಟ್ಟೆಯ ಬೆಲ್ಲ ಮುರಿದು ಬಾಯಿಗೆ ಹಾಕಿಕೊಳ್ಳುವಳು. ಬೆಲ್ಲ ಬಾಯಿಗೆ ಬಿದ್ದರೆ ಒಪ್ಪಿದಂತೆ. ನಾನು ಚಿಕ್ಕವಳಿದ್ದಾಗ ಈ ಊರಿಗೆ ಬಂದರೆ, ಆ ಬೆಲ್ಲದಲ್ಲಿ ಉಳಿದ ಅರ್ಧ ನನ್ನದು.

ಗಿಡಗಳು ಮನೆಗೆ ಬರುವ ಎರಡು ವರ್ಷ ಮೊದಲು ನಮ್ಮ ಮಾವ ಸಂಜೀವಪ್ಪನವರು ತೀರಿಕೊಂಡರು. ಆಮೇಲೆ ತಟ್ಟೆ ಬರುವುದು ನಿಂತುಹೋಯಿತು. ಮೊದಲ ಸಸಿಯನ್ನು ಮುತ್ತೈದೆಯೇ ಇಡಬೇಕೆಂಬುದು ಊರಿನ ಪದ್ಧತಿ. ಇನ್ನು ನೀನು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಟ್ಟೆ ನಮ್ಮ ಮನೆಯ ಮುಂದೆ ಹಾದು ಪಕ್ಕದ ಮನೆಗೆ ಹೋಗತೊಡಗಿತು, ಅಷ್ಟೆ. ಪಕ್ಕದ ಮನೆ ಅತ್ತೆಯ ಓರಗಿತ್ತಿ ಅನುಸೂಯಮ್ಮನದು. ಮಾವನ ತಮ್ಮನ ಹೆಂಡತಿ, ನನಗೆ ಚಿಕ್ಕತ್ತೆ. ನಮ್ಮ ಪಾಲಿನ ಹೊಲವನ್ನೂ ಈಗ ಅವರೇ ಮಾಡುತ್ತಿರುವುದರಿಂದ ಅತ್ತೆಗೆ ತನ್ನದೇ ಹೊಲದಲ್ಲೂ ಒಂದು ಸಸಿ ಇಡುವ ಸಂದರ್ಭವಿರಲಿಲ್ಲ. ಅವಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಹೋದದ್ದು ಗಂಡ, ಕೈಗೇನಾಗಿದೆ ಎಂದು ನನ್ನ ಗಂಡ ಅಂಬರೀಶನ ಹತ್ತಿರ ಜಗಳ ತೆಗೆದೆ. ಊರಿನ ಪದ್ಧತಿಗೆ ನಾವೇನು ಮಾಡೋಕಾಗುತ್ತದೆ ಎಂದು ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಮಾರನೆಯ ದಿನ ಅವನ ಸಾರಿಗೆ ಉಪ್ಪು ಹಾಕುವುದು ನನಗೆ ಮರೆತುಹೋಯಿತು.

ಇರಲಿ, ಗಿಡದ ವಿಷಯಕ್ಕೆ ಬರುತ್ತೇನೆ. ಬೇಸಗೆ ಕಳೆಯುವ ಹೊತ್ತಿಗೆ ಆರ್ಕಿಡ್‌ಗಳ ಬೇರುಗಳು ಕುಂಡದ ಅಂಚು ದಾಟಿ ಹೊರಗೆ ಇಳಿಬಿದ್ದವು. ದಪ್ಪನೆಯ, ಬೂದು ಬಣ್ಣದ, ತುದಿ ಮಾತ್ರ ಹಸಿರಾಗಿರುವ ಬೇರುಗಳು. ಈ ಜಾತಿಗೆ ಅದೇ ಸಹಜ. ಅತ್ತೆಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. ಬೇರು ಬೆಳಕು ನೋಡಬಾರದು ಎಂಬುದು ಅವಳು ಹುಟ್ಟಿದಾಗಿನಿಂದ ಕಂಡುಕೊಂಡು ಬಂದ ಸತ್ಯ. ಸಸಿ ಕೀಳುವಾಗ ಬೇರಿಗೆ ಬಿಸಿಲು ತಾಗಿದರೆ ಅದು ಸತ್ತಂತೆಯೇ ಲೆಕ್ಕ. ಹಾಗಾಗಿ ಜಗಲಿಯ ಮೇಲೆ ಹಾದು ಹೋಗುವಾಗಲೆಲ್ಲ, ವಯಸ್ಸಿಗೆ ಬಂದ ಹುಡುಗಿಗೆ ದುಪಟ್ಟ ಸರಿ ಮಾಡಿಕೋ ಎನ್ನುವಂತೆ ಗೊಣಗುತ್ತಾ ಬೇರುಗಳನ್ನು ಹಿಡಿದು ಕುಂಡದೊಳಗೆ ತುರುಕುತ್ತಿದ್ದಳು. ಸಂಜೆ ನಾನು ಬಂದು ಹೊರಗೆ ಎಳೆದುಬಿಡುತ್ತಿದ್ದೆ. ಒಳಗೆ ಹೊರಗೆ ಓಡಾಡಿಯೇ ಆ ಬೇರುಗಳಿಗೆ ಸುಸ್ತಾಗಿರಬೇಕು.

ಕುಂಡ ಬದಲಾಯಿಸುವುದು ಎಂದು ತೀರ್ಮಾನಿಸಿ ಒಂದು ಭಾನುವಾರ ಕೂತೆ. ಮರದ ತೊಗಟೆಯ ಚಕ್ಕೆ, ಇದ್ದಿಲು ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದೆ. ಅತ್ತೆ ಒಂದು ಚಕ್ಕೆ ಎತ್ತಿಕೊಂಡು ಮೂಸಿ ನೋಡಿ, ಹಿತ್ತಲಲ್ಲಿ ಒಂದು ಲಾರಿ ಸೌದೆ ಬಿದ್ದಿರುವಾಗ ಚಕ್ಕೆಯನ್ನು ಕೊರಿಯರಿನಲ್ಲಿ ತರಿಸಿಕೊಳ್ಳುವ ಸೊಸೆ ಸಿಕ್ಕಿದ್ದು ತನ್ನ ಪುಣ್ಯ ಎಂದಳು. ನಾನು ಮೊಬೈಲನ್ನು ಕಂಬಕ್ಕೆ ಒರಗಿಸಿ ವೀಡಿಯೋ ಹಾಕಿಕೊಂಡೆ. ಅದರಲ್ಲಿ ಒಬ್ಬಾಕೆ ಕೈಗೆ ಗ್ಲೌಸ್ ಹಾಕಿಕೊಂಡು ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸುತ್ತಿದ್ದಳು. ಅತ್ತೆ ಜಗಲಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಆಪರೇಷನ್ನಿಗೆ ಮುಂಚೆ ಗಿಡದ ಕಡೆಯವರ ಸಹಿ ಹಾಕಿಸಿಕೊಳ್ಳುವುದಿಲ್ಲವೇ ಎಂದು ವಿಚಾರಿಸಿದಳು.

ನಾನು ಕೆಲಸ ಶುರು ಮಾಡಿದೆ. ಚಕ್ಕೆಯನ್ನು ನೀರಿನಲ್ಲಿ ನೆನೆಸಿಟ್ಟಿದ್ದೆ. ಗಿಡವನ್ನು ಹಳೆಯ ಕುಂಡದಿಂದ ಮೆಲ್ಲಗೆ ಬಿಡಿಸಿ, ಕೊಳೆತು ಕಪ್ಪಾದ ಬೇರುಗಳನ್ನು ಕತ್ತರಿಸಿ, ಗಟ್ಟಿಯಾಗಿರುವುದನ್ನು ಉಳಿಸಿಕೊಂಡು, ಹೊಸ ಕುಂಡದಲ್ಲಿ ನಿಲ್ಲಿಸಿ, ಸುತ್ತ ಚಕ್ಕೆ ಇದ್ದಿಲು ತುಂಬಿದೆ. ಮಣ್ಣು ಒತ್ತುವ ಹಾಗೆ ಒತ್ತುವಂತಿಲ್ಲ, ನಡುವೆ ಗಾಳಿಯಾಡಬೇಕು. ಮೊದಲನೆಯದು ಮುಗಿದಾಗ ಸ್ವಲ್ಪ ಹೆಮ್ಮೆಯೂ ಆಯಿತು. ಎರಡನೆಯದನ್ನು ಅತ್ತೆಯ ಕಡೆಗೆ ಸರಿಸಿ, ಇದನ್ನು ನೀನಿಡು ಎಂದೆ. ಅವಳ ಎರಡೂ ಕೈ ತಟ್ಟನೆ ಸೆರಗಿನೊಳಗೆ ಹೋದವು.

"ನನ್ ಕೈ ಬ್ಯಾಡ ಬುಡು," ಎಂದಳು.

ತಮಾಷೆಯ ದನಿಯಲ್ಲೇ ಹೇಳಿದಳು, ನಗಲಿಲ್ಲ ಮಾತ್ರ. ಕೊರಿಯರಿನ ಚಕ್ಕೆಯ ಮೇಲಿನ ಮುನಿಸು ಎಂದುಕೊಂಡು ಎರಡನೆಯದನ್ನೂ ನಾನೇ ಇಟ್ಟೆ. ಮೂರನೆಯದಕ್ಕೆ ಚಕ್ಕೆ ಸಾಲಲಿಲ್ಲ. ಅದನ್ನು ಹಾಗೇ ಜಗಲಿಯ ಮೂಲೆಯಲ್ಲಿ ಬಿಟ್ಟೆ.

ಮಾರನೆಯ ದಿನ ಕೆಲಸದಿಂದ ಬಂದಾಗ ಆ ಮೂರನೆಯ ಗಿಡವಿರಲಿಲ್ಲ. ಎಲ್ಲಿ ಎಂದರೆ ಮೇಕೆ ತಿಂದಿತು ಎಂದಳು. ಮೇಕೆ ಹಿತ್ತಲ ಗೂಟದಲ್ಲಿ ನಿಂತು ಏನೂ ಅರಿಯದಂತೆ ನನ್ನನ್ನೇ ನೋಡುತ್ತಿತ್ತು. ಪ್ಲಾಸ್ಟಿಕ್ ಕುಂಡವನ್ನೂ ತಿಂದಿತಾ ಎಂದು ಕೇಳಿದೆ. ಪಾಪ, ಹಸಿದಿತ್ತು ಎಂದಳು. ನಾನು ನಂಬಲಿಲ್ಲ, ಆದರೂ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ, ಮೇಕೆಯ ಹಗ್ಗವನ್ನು ಇನ್ನೊಂದು ಮೊಳ ಗಿಡ್ಡ ಮಾಡಿದೆ.

ಕೆಲವು ವಾರ ಕಳೆದಿರಬೇಕು. ರಜೆಯ ದಿನ ಬೆಳಿಗ್ಗೆ ಹಳೆಯ ಗೋಣಿಚೀಲ ಹುಡುಕಿಕೊಂಡು ದನದ ಕೊಟ್ಟಿಗೆಯ ಹಿಂದಕ್ಕೆ ಹೋದೆ. ಅಲ್ಲಿ ಗೋಡೆಯ ಮರೆಯಲ್ಲಿ ಪೇಂಟಿನ ಬಕೆಟ್ಟೊಂದಿತ್ತು. ಬಕೆಟ್ಟಿನ ತುಂಬ ಜರಡಿ ಹಿಡಿದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ. ನಡುವೆ ನನ್ನ ಆರ್ಕಿಡ್. ಟೊಮೆಟೊ ಸಸಿಗೆ ಮಾಡುವಂತೆ ಬುಡದ ಸುತ್ತ ಹೆಬ್ಬೆರಳಿನಿಂದ ಮಣ್ಣು ಒತ್ತಿತ್ತು, ನೀರು ನಿಂತಿತ್ತು. ಮೇಲ್ನೋಟಕ್ಕೆ ಒಂದು ಬೇರೂ ಕಾಣದ ಹಾಗೆ ಮುಚ್ಚಿತ್ತು. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಬಕೆಟ್ಟಿನ ಮೈಮೇಲೆ ಒಣಗಿದ ಕುಂಕುಮದ ಬೊಟ್ಟಿತ್ತು. ಪಕ್ಕದ ಕಲ್ಲಿನ ಮೇಲೆ ಕರಗಿ ಅಂಟಿಕೊಂಡ ಒಂದು ಚೂರು ಬೆಲ್ಲವಿತ್ತು, ಇರುವೆ ಮುತ್ತಿದ್ದವು.

ಬೆಲ್ಲ ನೋಡಿದ ಮೇಲೆ ನನಗೆ ಎಲ್ಲ ಅರ್ಥವಾಯಿತು. ಕರೆಯುವವರು ಯಾರೂ ಇಲ್ಲದೆ ಅವಳು ತನ್ನನ್ನು ತಾನೇ ಕರೆದುಕೊಂಡು, ಕಾಲು ತೊಳೆದು ಬಂದು, ಬೆಲ್ಲ ಬಾಯಿಗೆ ಹಾಕಿಕೊಂಡು ಈ ಗಿಡ ಇಟ್ಟಿದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಚೊಂಬು ಹಿಡಿದು ಅವಳೇ ನಿಂತಿದ್ದಳು. ಬಚ್ಚಿಡುವುದಕ್ಕೂ ಹೊತ್ತಿರಲಿಲ್ಲ.

"ಮೇಕೆ ವಾಪಸ್ ಕಕ್ಕೈತೆ ನೋಡು," ಎಂದೆ.

ಅವಳು ನಗಲಿಲ್ಲ. ಚೊಂಬು ಕೆಳಗಿಟ್ಟು ನೆಲದ ಮೇಲೆ ಕೂತಳು.

"ಪರೀಕ್ಷೆ ಮಾಡ್ದೆ ಕಣೆ," ಎಂದಳು. "ಊರೋರು ಸುಮ್‌ಸುಮ್ನೆ ಬಿಟ್ಟಿರಲ್ಲ ಅನ್ನುಸ್ತು. ನಿಮ್ಮಾವ ಹೋಗ್ತಾ ನನ್ ಕೈಲಿದ್ದುದ್ನೂ ತಗೊಂಡೋದ್ರೇನೋ ಅಂತ. ನೋಡು, ಹೋಗೈತೆ."

ನನಗೆ ಅಳು ಬಂದರೆ ಮೊದಲು ಸಿಟ್ಟಾಗಿಯೇ ಹೊರಗೆ ಬರುವುದು. ಚೆನ್ನಾಗಿ ಬೈದೆ. ಗಾಳಿ ಕುಡಿಯುವ ಗಿಡಕ್ಕೆ ಮದುವೆ ಊಟ ಬಡಿಸಿದರೆ ಅಜೀರ್ಣವಾಗದೆ ಇನ್ನೇನಾಗುತ್ತದೆ, ನನ್ನನ್ನೂ ಕುತ್ತಿಗೆಯವರೆಗೆ ಗೊಬ್ಬರದ ಗುಂಡಿಯಲ್ಲಿ ಹೂತು ದಿನಾ ನೀರು ಹೊಯ್ದರೆ ನಾನೂ ಹಳದಿಯಾಗುತ್ತೇನೆ, ಅದಕ್ಕೂ ನಿನ್ನ ಕೈಗೂ ಏನು ಸಂಬಂಧ ಎಂದೆ. ಅವಳು ಎಲ್ಲ ಕೇಳಿಸಿಕೊಂಡು, ಇಷ್ಟು ವರ್ಷ ಇಟ್ಟದ್ದೆಲ್ಲ ಹೀಗೇ ಇಟ್ಟದ್ದು, ಎಲ್ಲವೂ ಬದುಕಿದ್ದವು ಎಂದಳು. ಅದು ನಿಜ.

ನಾನು ಅಲ್ಲೇ ಕೂತು ಗಿಡ ಕಿತ್ತು ಚೊಂಬಿನ ನೀರಲ್ಲಿ ತೊಳೆದೆ. ಮಣ್ಣಿನೊಳಗಿದ್ದ ಬೇರುಗಳು ನೆನೆದ ದಾರದ ಹಾಗೆ ಕೈಗೇ ಬಂದವು. ಬದುಕಿದ್ದದ್ದು ಒಂದೇ ಬೇರು. ಅದು ಹೇಗೋ ಪಕ್ಕದಿಂದ ಮಣ್ಣು ಸೀಳಿಕೊಂಡು ಮೇಲೆ ಬಂದು ಬಕೆಟ್ಟಿನ ಅಂಚಿಗೆ ಒರಗಿತ್ತು. ಮುಟ್ಟಿದರೆ ಗಟ್ಟಿ, ತುದಿ ಹಸಿರು. ಅತ್ತೆ ಅದರ ತುದಿ ಮುಟ್ಟಿ ನೋಡಿದಳು. ದಿನಾ ಬೆಳಿಗ್ಗೆ ತಾನು ಮುಚ್ಚಿದ್ದೇ ಮುಚ್ಚಿದ್ದು, ಅದು ಎದ್ದು ಬಂದದ್ದೇ ಬಂದದ್ದು ಎಂದಳು.

"ನಿನ್ನಂಗೇ," ಎಂದು ಸೇರಿಸಿದಳು. "ಯೋಳಿದ್ ಮಾತ್ ಕೇಳ್ದಿದ್ದು."

ತಮಾಷೆ ಮಾಡುವಷ್ಟು ಜೀವ ಬಂತಲ್ಲ ಎಂದು ನನಗೂ ಧೈರ್ಯ ಬಂತು. ಈ ಜಾತಿಯ ಗಿಡ ಕಾಡಿನಲ್ಲಿ ಮರ ಹಿಡಿದುಕೊಂಡೇ ಬದುಕುತ್ತದೆ, ಮನೆ ಮುಂದಿನ ಮಾವಿನ ಮರಕ್ಕೆ ತೆಂಗಿನ ಸಿಪ್ಪೆಯ ಮೇಲಿಟ್ಟು ಕಟ್ಟೋಣ, ನೀನು ಕಟ್ಟು ಎಂದೆ. ಕೈಗಳು ಮತ್ತೆ ಸೆರಗಿನೊಳಗೆ ಹೋದವು. ಒಂದು ಸಲ ಕೊಂದದ್ದು ಸಾಲದೇ ಎಂದಳು. ಅವಳ ಜೊತೆ ವಾದಕ್ಕೆ ನಿಂತು ಗೆದ್ದವರನ್ನು ನಾನು ಈ ತನಕ ಕಂಡಿಲ್ಲ. ಹಾಗಾಗಿ ವಾದ ಮಾಡಲಿಲ್ಲ. ಎದ್ದು ಒಳಗೆ ಹೋದೆ.

ಸ್ಟೀಲಿನ ತಟ್ಟೆ ತೆಗೆದುಕೊಂಡೆ. ಎಲೆ ಅಡಿಕೆ ಇಟ್ಟೆ, ಒಂದು ಅಚ್ಚು ಬೆಲ್ಲ ಇಟ್ಟೆ, ಅರಿಶಿನ ಇಟ್ಟೆ. ಕುಂಕುಮದ ಭರಣಿಯ ಹತ್ತಿರ ಕೈ ನಿಂತಿತು. ಇಟ್ಟರೆ ಅವಳಿಗೆ ನೋವಾಗುತ್ತದೋ, ಬಿಟ್ಟರೆ ನೋವಾಗುತ್ತದೋ ತಿಳಿಯಲಿಲ್ಲ. ಕೊನೆಗೆ, ಕರೆಯುವುದಾದರೆ ಪೂರ್ತಿ ಕರೆಯಬೇಕು ಎಂದುಕೊಂಡು ಅದನ್ನೂ ಇಟ್ಟೆ. ಮುಂಬಾಗಿಲಿನಿಂದ ಹೊರಗೆ ಹೋಗಿ, ತಿರುಗಿ, ಹೊಸಿಲ ಆಚೆ ನಿಂತೆ. ನಾನೇನು ಮಾಡುತ್ತಿದ್ದೇನೆಂದು ನೋಡಲು ಅತ್ತೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ನಡುಮನೆಯಲ್ಲಿ ನಿಂತಿದ್ದಳು.

"ಮುನಿಗಂಗಮ್ಮೋರೇ, ನಮ್ಮನೇಲಿ ನಾಟಿ ಐತೆ," ಎಂದೆ. "ಮೊದಲ್ನೇ ಸಸಿ ನೀವೇ ಇಕ್ಬೇಕು."

ಅವಳಿಗೆ ನಗು ಬಂತು. ಯಾವೂರಿನವರಮ್ಮ ನೀವು ಎಂದು ಕೇಳಿದಳು. ದೇವನಹಳ್ಳಿ ಓಟ್ಲಿನ ಕಡೆಯವರು ಎಂದೆ. ಇನ್ನೂ ಜೋರಾಗಿ ನಕ್ಕಳು. ನಾನು ಅಲುಗಾಡದೆ ತಟ್ಟೆ ಹಿಡಿದು ನಿಂತೇ ಇದ್ದೆ. ಆಗ ಅವಳ ಕಣ್ಣು ತಟ್ಟೆಯ ಮೇಲೆ ಬಿತ್ತು. ನಗು ಅರ್ಧಕ್ಕೆ ನಿಂತಿತು. ತಿರುಗಿ ಅಡುಗೆಮನೆಗೆ ಹೋಗಿಬಿಟ್ಟಳು. ಹುಡುಗಾಟ ಮಾಡಲು ಹೋಗಿ ಗಾಯ ಕೆದಕಿದೆನೇನೋ ಎಂದು ನನಗೆ ಹೆದರಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾತ್ರೆ ಸದ್ದು ಕೇಳಿತು. ಅದಾದ ಮೇಲೆ ಬಚ್ಚಲಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವ ಸದ್ದು. ನಾನು ಹೊಸಿಲ ಆಚೆ ನಿಂತಲ್ಲೇ ಅತ್ತುಬಿಟ್ಟೆ.

ಅವಳು ಸೆರಗು ಸರಿ ಮಾಡಿಕೊಂಡು ಬಂದು, ನನ್ನ ಮುಖ ನೋಡದೆ, ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದರ್ಧವನ್ನು ನನ್ನ ಬಾಯಿಗಿಟ್ಟಳು. ಕುಂಕುಮವನ್ನು ಬೆರಳಿಗೆ ತೆಗೆದುಕೊಂಡು, ಇದು ಮರಕ್ಕೆ ಎಂದಳು.

ಮಾವಿನ ಮರದ ಪೂರ್ವದ ಮಗ್ಗುಲಿಗೆ, ಮಧ್ಯಾಹ್ನದ ಬಿಸಿಲು ನೇರ ಬೀಳದ ಕಡೆ, ತೆಂಗಿನ ಸಿಪ್ಪೆಯ ಮೇಲೆ ಗಿಡವಿಟ್ಟು ತನ್ನ ಹಳೆಯ ಸೀರೆಯ ಅಂಚು ಹರಿದು ಅವಳೇ ಕಟ್ಟಿದಳು. ಆ ಒಂದು ಬೇರನ್ನು ಸಿಪ್ಪೆಯೊಳಗೆ ಮುಚ್ಚಲು ಹೋದಾಗ ನಾನು ಕೈ ಹಿಡಿದೆ. ಬೇರು ಬೆಳಕು ನೋಡಬಾರದು ಎಂದಳು ಅಭ್ಯಾಸಬಲದಿಂದ.

"ನೋಡಾಯ್ತಲ್ಲತ್ತೆ," ಎಂದೆ. "ಇನ್ನು ಮುಚ್ಚಿ ಏನ್ ಮಾಡ್ತೀಯ."

ಅವಳು ಯೋಚಿಸಿ, ಬೇರನ್ನು ಹೊರಗೇ ಬಿಟ್ಟಳು. ಅವತ್ತು ಸಂಜೆ ಮೇಕೆಯ ಹಗ್ಗ ಮತ್ತೆ ಉದ್ದವಾಯಿತು, ಅದಕ್ಕೆ ಒಂದು ಹಿಡಿ ಹುರುಳಿಯೂ ಸಿಕ್ಕಿತು. ಸುಳ್ಳು ಹೇಳಿದ್ದು ತಾನು, ತಪ್ಪು ಕಾಣಿಕೆ ಕೊಡಬೇಕಲ್ಲ ಎಂದು ಅತ್ತೆ ಬಹಳ ಗಂಭೀರವಾಗಿ ಹೇಳಿದಳು.

ಆಮೇಲೆ ತಿಂಗಳುಗಟ್ಟಲೆ ಆ ಗಿಡ ಬದುಕಲೂ ಇಲ್ಲ, ಸಾಯಲೂ ಇಲ್ಲ. ಅತ್ತೆ ದಿನಾ ಬೆಳಿಗ್ಗೆ ಸಿಪ್ಪೆಯ ಮೇಲೆ ನೀರು ಚಿಮುಕಿಸಿ, ಅದರ ಮುಂದೆ ಒಂದು ನಿಮಿಷ ನಿಂತು ಹೋಗುತ್ತಿದ್ದಳು. ಇತ್ತ ವೀಡಿಯೋ ನೋಡಿ ಇಟ್ಟ ನನ್ನ ಎರಡು ಗಿಡಗಳಲ್ಲಿ ಒಂದು ದಪ್ಪನೆಯ ಎಲೆ ಬಿಟ್ಟುಕೊಂಡು ಸುಮ್ಮನೆ ಕೂತಿತು, ಇನ್ನೊಂದು ಗೌರಿಹಬ್ಬದ ಹೊತ್ತಿಗೆ ಬುಡ ಕೊಳೆತು ಸತ್ತಿತು. ಅತ್ತೆ ಸಾವಿನ ಮನೆಗೆ ಹೋಗುವವಳಂತೆ ಮುಖ ಮಾಡಿಕೊಂಡು ಜಗಲಿಗೆ ಬಂದು, ಎಷ್ಟು ಚೆನ್ನಾಗಿತ್ತು, ಮೊನ್ನೆ ತಾನೆ ಮಾತಾಡಿಸಿದ್ದೆ, ಹೀಗಾಗಬಾರದಿತ್ತು ಎಂದು ನನಗೆ ಸಮಾಧಾನ ಹೇಳಿದಳು. ಗ್ಲೌಸು ಹಾಕಿಕೊಳ್ಳಬೇಕಿತ್ತೇನೋ ಎಂದೂ ಸೇರಿಸಿದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅವಳನ್ನು ಮತ್ತೆ ಹಾಗೆ ನೋಡಿ ಸಂತೋಷವೇ ಆಯಿತು.

ದೀಪಾವಳಿ ಕಳೆದ ಮೇಲೆ ಮರಕ್ಕೆ ಕಟ್ಟಿದ ಗಿಡದ ಹಳೆಯ ಹೂದಂಟಿನಲ್ಲಿ, ಒಣಗಿದೆ ಎಂದುಕೊಂಡಿದ್ದ ಒಂದು ಗೆಣ್ಣು ಉಬ್ಬಿತು. ಮೊಗ್ಗು ಎಂದೆ ನಾನು. ಮೊಗ್ಗಲ್ಲ. ಅಲ್ಲಿಂದ ಎರಡು ಪುಟ್ಟ ಎಲೆ ಬಂದವು, ಎಲೆಗಳ ಕೆಳಗಿನಿಂದ ಅಕ್ಕಿಕಾಳಿನಷ್ಟು ಬೇರು ಗಾಳಿಗೆ ಇಣುಕಿತು. ಗಿಡ ಮರಿ ಹಾಕಿತ್ತು. ತಾಯಿಗೆ ಕಷ್ಟ ಬಂದಾಗ ಈ ಜಾತಿಯಲ್ಲಿ ಹೀಗಾಗುವುದುಂಟು ಎಂದು ನಾನು ಓದಿ ಹೇಳಿದೆ. ಕಷ್ಟ ಕೊಟ್ಟದ್ದು ತಾನೇ ಆದ್ದರಿಂದ ಬಾಣಂತನವೂ ತನ್ನದೇ ಎಂದಳು ಅತ್ತೆ. ಅಲ್ಲಿಂದ ಜಗಲಿಯಲ್ಲಿ ಅವಳು ಕೂರುವ ಜಾಗ ಬದಲಾಯಿತು. ಯಾರು ಬಂದು ಮಾತಾಡಿಸಿದರೂ ಅವರು ಮಾವಿನ ಮರದ ಕಡೆ ತಿರುಗಲೇಬೇಕಾದ ಜಾಗದಲ್ಲಿ ಕೂರತೊಡಗಿದಳು. ತಾನಾಗಿ ಒಂದು ಮಾತೂ ಹೇಳುತ್ತಿರಲಿಲ್ಲ, ಕೇಳಿದವರನ್ನು ಅರ್ಧ ಗಂಟೆ ಬಿಡುತ್ತಲೂ ಇರಲಿಲ್ಲ.

ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅನುಸೂಯಮ್ಮ ಚಿಕ್ಕತ್ತೆ ಕರಿಬೇವು ಕೇಳುವ ನೆಪದಲ್ಲಿ ಬಂದಳು. ಅವರ ಮನೆಯ ಹಿಂದೆಯೇ ದೊಡ್ಡ ಕರಿಬೇವಿನ ಗಿಡವಿದೆ. ಅತ್ತೆಯೂ ನಾನೂ ಅವರೆ ಸುಲಿಯುತ್ತಿದ್ದೆವು. ಚಿಕ್ಕತ್ತೆ ಮರದ ಹತ್ತಿರ ಹೋಗಿ ಮರಿಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ಬಂದು ಜಗಲಿಯ ಮೇಲೆ ಕೂತಳು. ತಾನೂ ಎರಡು ಕಾಯಿ ಸುಲಿದು, ಆ ಮರಿಯನ್ನು ತನಗೆ ಕೊಡುತ್ತೀಯಾ ಅಕ್ಕ ಎಂದು ಕೇಳಿದಳು. ಅತ್ತೆ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ಕೊಡ್ಬೋದು," ಎಂದಳು. "ಆದ್ರೆ ಈ ಜಾತಿ 'ತಗೋ' ಅಂತ ಕೊಟ್ರೆ ಹತ್ತಲ್ಲ ಅನುಸೂಯ. ತಾಯಿ ಗಿಡ ಕಟ್ಟಿದ್ ಕೈಯೇ ಬಂದು ಮರೀನೂ ಕಟ್ಬೇಕು. ಕರೆಯೋದೂ ಕ್ರಮವಾಗಿ ಕರೀಬೇಕಂತೆ, ತಟ್ಟೆ ಇಟ್ಕೊಂಡು. ಅಲ್ವೇನೆ ಕವಿತ, ವೀಡಿಯೋದಲ್ಲಿ ಯೋಳುದ್ರಲ್ಲ?"

ನಾನು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹೂಂ," ಎಂದೆ. "ಎರಡ್ ಸಲ ಯೋಳುದ್ರು."

ಗ್ಲೌಸು ಹಾಕಿಕೊಂಡ ಆ ಹೆಂಗಸು ನನ್ನನ್ನು ಕ್ಷಮಿಸಲಿ. ಚಿಕ್ಕತ್ತೆ ದಡ್ಡಿಯಲ್ಲ. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತಾ ಕೂತಳು. ತಟ್ಟೆಯನ್ನು ತಾನು ಕೇಳಿ ತೆಗೆದುಕೊಂಡದ್ದಲ್ಲ, ಪ್ರತಿ ಸಲ ಸಸಿ ಇಡುವಾಗಲೂ ಅಕ್ಕನ ಹೆಸರು ಹೇಳಿಕೊಂಡೇ ಇಡುತ್ತಿದ್ದೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಗೊತ್ತು ಬಿಡು ಎಂದಳು ಅತ್ತೆ. ಹೋಗುವಾಗ ಒಂದು ಕಟ್ಟು ಕರಿಬೇವು ಕಿತ್ತು ಕೊಟ್ಟು ಕಳಿಸಿದಳು. ಚಿಕ್ಕತ್ತೆ ಬರುವುದಿಲ್ಲ ಎಂದುಕೊಂಡೆ ನಾನು. ಮೂವರು ಕೂತಿರುವ ಜಗಲಿಯಲ್ಲಿ ಒಪ್ಪುವುದು ಬೇರೆ, ಊರ ಮುಂದೆ ತಟ್ಟೆ ಹಿಡಿದು ನಡೆದು ಬರುವುದು ಬೇರೆ. ಅತ್ತೆಯೂ ಹಾಗೇ ಅಂದುಕೊಂಡಿರಬೇಕು, ಆ ಸಂಜೆ ಊಟಕ್ಕೆ ಕೂತವಳು ಸಾರು ಚೆನ್ನಾಗಿಲ್ಲ ಎಂದು ಸಹ ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಬ್ಯಾಗು ಹಾಕಿಕೊಂಡು ಕ್ಯಾಬಿಗೆ ಕಾಯುತ್ತಿದ್ದೆ. ಅನುಸೂಯಮ್ಮ ಬಂದಳು. ದಿನಾ ಸೀದಾ ಅಡುಗೆಮನೆಗೆ ನುಗ್ಗುವವಳು ಹೊಸಿಲ ಆಚೆ ನಿಂತಳು. ಕೈಯಲ್ಲಿ ತಟ್ಟೆಯಿತ್ತು. ಎಲೆ ಅಡಿಕೆ, ಬೆಲ್ಲ, ಅರಿಶಿನ, ಕುಂಕುಮ, ಎಲ್ಲವೂ ಇದ್ದವು. ಡೇರಿಗೆ ಹಾಲು ಹಾಕಿ ವಾಪಸಾಗುತ್ತಿದ್ದ ಇಬ್ಬರು ಹೆಂಗಸರು ಕ್ಯಾನು ಹಿಡಿದು ರಸ್ತೆಯಲ್ಲೇ ನಿಂತರು. ಚಿಕ್ಕತ್ತೆ ಅವರನ್ನು ನೋಡಿಯೂ ದನಿ ತಗ್ಗಿಸಲಿಲ್ಲ.

"ಅಕ್ಕ, ನಮ್ಮನೇಲಿ ಮೊದಲ್ನೇದು ನೀನೇ ಇಕ್ಬೇಕು," ಎಂದಳು. "ಈ ಗಿಡಾನೂ. ಬರೋ ವಾರ ಟೊಮೆಟೊ ಸಸೀನೂ."

ನಾನು ಅಡುಗೆಮನೆಗೆ ಓಡಿದೆ. ಅಲ್ಲಿ ಯಾವ ಕೆಲಸವೂ ಉಳಿದಿರಲಿಲ್ಲ. ಅತ್ತೆ ತೊಳೆದು ಒರೆಸಿಟ್ಟ ಪಾತ್ರೆಗಳನ್ನೇ ಒಂದೊಂದಾಗಿ ಎತ್ತಿ, ಹೊಸಿಲವರೆಗೂ ಕೇಳಿಸುವ ಹಾಗೆ ಸದ್ದು ಮಾಡಿ, ಮತ್ತೆ ಅಲ್ಲಲ್ಲೇ ಇಡುತ್ತಿದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಚಿಕ್ಕತ್ತೆ ನಿಂತಿದ್ದಾಳೆ, ಬಾ ಎಂದು ಪಿಸುಗುಟ್ಟಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಪಾತ್ರೆ ಎತ್ತಿದಳು.

"ಒಸಿ ನಿಂತ್ಕೊಳ್ಲಿ ಬುಡು," ಎಂದಳು. "ಮೂರ್ ವರ್ಷ ನಾನ್ ಕಾದಿಲ್ವ."

ಆಮೇಲೆ ಕಾಲು ತೊಳೆಯಲು ಬಚ್ಚಲಿಗೆ ಹೋದಳು.